ಸಾವಿನ ಸುದ್ದಿ ಬರೆಯುವ ಶಾಲನಕ್ಕ

ನನಗೆ ಸಿಟ್ಟು ಬಂದಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಟ್ಟಿನಲ್ಲಿ ಬರೆದದ್ದನ್ನು ಓದಬಾರದು ಎನ್ನುವವರು ಇಲ್ಲಿಗೇ ನಿಲ್ಲಿಸಿ ತಮ್ಮ ಮೊಬೈಲು ನೋಡಿಕೊಳ್ಳಬಹುದು. ನಮ್ಮ ಪೇಟೆಯಲ್ಲಿ ಅಂಥವರೇ ಜಾಸ್ತಿ.

ಕೊಲ್ಹಾಪುರದ ಜೋಡಚಿಂಚ ತಾಲೀಮಿನ, ಎಂದರೆ ಕುಸ್ತಿಯ ಗರಡಿಮನೆಯ, ಎದುರಿಗೆ ನನ್ನ ಹೊಲಿಗೆ ಅಂಗಡಿ. ಬಂಡೂ ಟೇಲರ್ ಎಂದರೆ ಯಾರಾದರೂ ತೋರಿಸುತ್ತಾರೆ. ನನ್ನ ಗೋಡೆಯ ಆಚೆ ಶಾಲನ್ ಬುಚಡೆಯ ಮೆಣಸಿನಕಾಯಿ ಕುಟ್ಟುವ ಗಿರಣಿ. ಚೈತ್ರ ಬಂತೆಂದರೆ ಪೇಟೆಯ ಹೆಂಗಸರು ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಕೊಬ್ಬರಿ, ಬೆಳ್ಳುಳ್ಳಿ ಹೊತ್ತುಕೊಂಡು ಬಂದು ಸಾಲು ಹಚ್ಚುತ್ತಾರೆ. ಇಡೀ ವರ್ಷದ ಮಸಾಲೆ ಆ ಎರಡು ತಿಂಗಳಲ್ಲಿ ಕುಟ್ಟಿಸಬೇಕು. ನಾನು ಹೊಲಿದ ಅಂಗಿ ತೊಟ್ಟವರು ಮೊದಲ ದಿನ ಸೀನುತ್ತಾರೆ ಎಂದು ಜನ ಆಡಿಕೊಳ್ಳುವುದು ಸುಳ್ಳಲ್ಲ. ಶಾಲನಕ್ಕನಿಗೆ ಮಾತ್ರ ಒಂದು ಸೀನೂ ಬರುವುದಿಲ್ಲ. ಅವಳ ಮೂಗಿನ ಮೇಲೆ ಮೊದಲೇ ಸಿಟ್ಟು ಕೂತಿರುವಾಗ ಖಾರ ಎಲ್ಲಿ ಹತ್ತಬೇಕು.

ಆದರೆ ಪೇಟೆಗೆ ಅವಳು ಗೊತ್ತಿದ್ದದ್ದು ಮಸಾಲೆಯಿಂದಲ್ಲ. ತಾಲೀಮಿನ ಹೊರಗೋಡೆಯ ಮೇಲೆ ಒಂದು ದೊಡ್ಡ ಕರಿಹಲಗೆ ಇತ್ತು. ಪೇಟೆಯಲ್ಲಿ ಯಾರು ಸತ್ತರೂ ಅದರ ಮೇಲೆ ಸೀಮೆಸುಣ್ಣದಿಂದ ಬರೆಯಬೇಕು: ಯಾರು, ಹಿಂದೆ ಯಾರ್ಯಾರಿದ್ದಾರೆ, ಮೂರನೇ ದಿನ ಬೂದಿ ಎತ್ತುವ ರಕ್ಷಾವಿಸರ್ಜನೆ ಎಷ್ಟು ಗಂಟೆಗೆ. ಅದನ್ನು ಓದಿ ಪೇಟೆಯ ಗಂಡಸರೆಲ್ಲ ಆ ಬೆಳಿಗ್ಗೆ ಪಂಚಗಂಗೆಯ ಘಾಟಿಗೆ ಹೋಗುತ್ತಿದ್ದರು, ಅಲ್ಲಿಂದಲೇ ಕೆಲಸಕ್ಕೆ ಹೋಗುತ್ತಿದ್ದರು. ಆ ಹಲಗೆ ಬರೆಯುತ್ತಿದ್ದದ್ದು ಶಾಲನಕ್ಕ. ಹೆಂಗಸರು ಮೆಟ್ಟಿಲು ಸಹ ಹತ್ತದ ತಾಲೀಮಿನ ಗೋಡೆಯ ಮೇಲೆ ಒಬ್ಬ ಹೆಂಗಸು ಬರೆಯುವುದೆಂದರೇನು ಎಂದು ಬೇರೆ ಪೇಟೆಯವರು ಕೇಳುತ್ತಿದ್ದರು. ನಮಗೆ ಅದು ರೂಢಿಯಾಗಿ ಹೋಗಿತ್ತು.

ಶುರುವಾದದ್ದು ಅವಳ ಅತ್ತೆ ಸತ್ತ ದಿನ. ಶಾಲನಕ್ಕ ಮುರಗೂಡದ ಕಡೆಯ ಹುಡುಗಿ. ಏಳನೇ ಇಯತ್ತೆ ಮುಗಿಸಿ, ದೌಲತ ಬುಚಡೆಯನ್ನು ಮದುವೆಯಾಗಿ ಬಂದವಳು. ಅವಳ ಶಾಲೆಯ ಗುರೂಜಿ ಜೊಂಡಿನ ಲೇಖಣಿ ಕೊಟ್ಟು ತಿದ್ದಿಸುತ್ತಿದ್ದರಂತೆ, ಗೆರೆ ಸೊಟ್ಟಾದರೆ ಬೆರಳಿನ ಗೆಣ್ಣಿನ ಮೇಲೆ ಏಟು. ಮನಸ್ಸು ಚೆನ್ನಾಗಿದ್ದ ದಿನ "ಹೊಡತ ಮರತೇನಿ, ಅಕ್ಷರ ಉಳೀತು ನೋಡೋ ಬಂಡೂ" ಎನ್ನುತ್ತಾಳೆ. ಕೆಟ್ಟಿದ್ದ ದಿನ "ಆ ಮುದುಕ ಸಿಕ್ಕಿದ್ರ ಅಂವನ ಗೆಣ್ಣ ಮುರೀತಿದ್ದೆ" ಎನ್ನುತ್ತಾಳೆ. ಎರಡೂ ನಿಜವಿರಬೇಕು.

ಆಗ ಹಲಗೆ ಬರೆಯುವ ಕೆಲಸ ತಾಲೀಮಿನಲ್ಲಿ ಯಾರು ಸಿಕ್ಕಿದರೆ ಅವರದ್ದು. ಅತ್ತೆಯ ಹೆಣ ಅಂಗಳದಲ್ಲಿತ್ತು. ಕೊಡ ಹಿಡಿದು ನಲ್ಲಿಗೆ ಹೊರಟ ಸೊಸೆ ಹಲಗೆಯ ಕಡೆ ನೋಡಿದಳು. ಯಾರೋ ಕೋಳಿ ಕೆದರಿದ ಹಾಗೆ ಬರೆದಿದ್ದರು. ಹಿಂದಿನ ವಾರ ಸತ್ತವರ ಹೆಸರು ಅರ್ಧ ಅಳಿಸಿ ಅದರ ಮೇಲೆಯೇ ಅತ್ತೆಯ ಹೆಸರು. ಕೊಡ ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾಲೀಮಿನ ಕಟ್ಟೆ ಹತ್ತಿ, ಹಲಗೆಯನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದಳು.

"ಏ ವಹಿನಿ, ಇಳೀರಿ ಕೆಳಗ. ಹನುಮಪ್ಪನ ಜಾಗಾ ಇದು" ಎಂದು ಪೈಲ್ವಾನರು ಗದರಿದರು.

"ನಿಮ್ಮ ಹನುಮಪ್ಪಗ ಓದಾಕ ಬರತಿದ್ರ ನಾಚಿಕೀಲೆ ಸಾಯತಿದ್ದ. ಆ ಮುದುಕಿ ನಂಗ ಜೀವ ಹಿಂಡಿ ಹಿಪ್ಪಿ ಮಾಡ್ಯಾಳ, ಆದ್ರ ಆಕಿ ಹೆಸರ ಹಿಂಗ ಬರಿಯಾಕ ಬಿಡೂದಿಲ್ಲ. ಬರಿಯೂ ಖಡು ಕೊಡ್ರಿ ಇಲ್ಲಿ."

ಗದ್ದಲ ಕೇಳಿ ದೌಲತ ಹೊರಗೆ ಬಂದರು. ಆಗಲೇ ಅವರು ಕಣದ ಮಣ್ಣು ನೋಡಿಕೊಳ್ಳುವ, ಹುಡುಗರಿಗೆ ಪಟ್ಟು ಕಲಿಸುವ ವಸ್ತಾದ. ಬಹಳ ಮಾತಿನ ಮನುಷ್ಯನಲ್ಲ. ತಾಯಿ ಸತ್ತ ದಿನ ಅದೂ ಇರಲಿಲ್ಲ. ಹೆಂಡತಿ ಬರೆದದ್ದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, "ಅಕ್ಷರ ಚಲೋ ಅದಾವ. ಇನ್ಮ್ಯಾಲಿಂದ ಆಕೀನ ಬರೀಲಿ" ಎಂದರು. ವಸ್ತಾದರ ಮಾತು ತಾಲೀಮಿನಲ್ಲಿ ಕಡೆಯ ಮಾತು.

ಅಂದಿನಿಂದ ಪೇಟೆಯ ಪ್ರತಿ ಸಾವೂ ಅವಳ ಕೈಯಿಂದ ದಾಟಿ ಹೋಯಿತು. ಅವಳ ರೀತಿಯೇ ಬೇರೆ. ಸುದ್ದಿ ಬಂದ ಕೂಡಲೇ ಗಿರಣಿ ನಿಲ್ಲಿಸಿ ಸತ್ತವರ ಮನೆಗೆ ಹೋಗುತ್ತಿದ್ದಳು. ಪೇಟೆ ಅವರನ್ನು ಏನೆಂದು ಕರೆಯುತ್ತಿತ್ತು ಎಂದು ಕೇಳಿಕೊಂಡು ಬಂದು ಕೈಕಾಲು ತೊಳೆದು ಬರೆಯುತ್ತಿದ್ದಳು. ಸೀಮೆಸುಣ್ಣವನ್ನು ನೀರಿನಲ್ಲಿ ಅದ್ದಿ ಬರೆದರೆ ಮೊದಲು ಏನೂ ಕಾಣುವುದಿಲ್ಲ, ಒಣಗುತ್ತ ಹೋದ ಹಾಗೆ ಬೆಳ್ಳಗೆ ಏಳುತ್ತದೆ. ಅವಳು ಬರೆಯಲು ನಿಂತಳೆಂದರೆ ದಾರಿಹೋಕರು ನಿಲ್ಲುತ್ತಿದ್ದರು. ರಿಕ್ಷಾ ನಿಲ್ಲುತ್ತಿತ್ತು. ಹೆಸರಿನ ಮೊದಲ ಅಕ್ಷರ ಎದ್ದಾಗ "ಯಾರಪ್ಪಾ?" ಎರಡನೆಯದಕ್ಕೆ "ಅಯ್ಯೋ, ಅವರೇನು?" ಮೂರನೆಯದಕ್ಕೆ ಎಲ್ಲರೂ ಚಪ್ಪಲಿ ಬಿಟ್ಟಿರುತ್ತಿದ್ದರು. ಹೆಸರು ಪೂರ್ತಿಯಾಗುವ ಹೊತ್ತಿಗೆ ನಿಂತವರಲ್ಲಿ ಒಬ್ಬರಾದರೂ ಅಳುತ್ತಿದ್ದರು. ಅವಳು ಯಾರಿಗೂ ಸಮಾಧಾನ ಹೇಳುತ್ತಿರಲಿಲ್ಲ. ಕೊನೆಯ ಸಾಲು ಯಾವಾಗಲೂ ಒಂದೇ: ಶೋಕಾಕುಲ, ಸಮಸ್ತ ಪೇಟೆ. ರಕ್ಷಾವಿಸರ್ಜನೆ ಮುಗಿದ ಮೇಲೆ ಅವಳೇ ಬಂದು ಅಂಗೈಯಿಂದ ಅಳಿಸುತ್ತಿದ್ದಳು. ಬರೆದವರು ಬಿಟ್ಟು ಬೇರೆಯವರು ಅಳಿಸಬಾರದು ಎಂಬುದು ಪೇಟೆಯಲ್ಲಿ ನಂಬಿಕೆಯಾಗಿ ಕೂತುಬಿಟ್ಟಿತು. ಅಳಿಸಿದವರ ಮನೆಯಿಂದ ಮುಂದಿನ ಹೆಸರು ಬರುತ್ತದೆ ಎಂದು ಯಾರು ಹಬ್ಬಿಸಿದರೋ ಗೊತ್ತಿಲ್ಲ. ಶಾಲನಕ್ಕನೇ ಹಬ್ಬಿಸಿದ್ದಳು ಎಂದು ನನ್ನ ಗುಮಾನಿ.

ಅವಳ ಹಲಗೆಯ ಮೇಲೆ ಎಲ್ಲರ ಹೆಸರೂ ಒಂದೇ ಗಾತ್ರ. ನಮ್ಮ ಪೇಟೆಯ ಬಿಲ್ಡರ್, ಈಗ ಪಾಲಿಕೆಯ ನಗರಸೇವಕನಾಗುವ ಆಸೆಯಲ್ಲಿ ಕೈ ಮುಗಿದುಕೊಂಡೇ ತಿರುಗುವ ಮನುಷ್ಯ, ಅವನ ತಂದೆ ತೀರಿಕೊಂಡಾಗ ಆಳು ಕಳಿಸಿದ್ದ. ಹೆಸರು ಕೆಂಪು ಬಣ್ಣದಲ್ಲಿ ಬರಲಿ, ಮುಂದೆ "ಪ್ರಸಿದ್ಧ ಉದ್ಯಮಿ" ಅಂತ ಸೇರಿಸಲಿ ಎಂದು.

"ಬಣ್ಣ ಬೇಕಂದ್ರ ರಂಗಪಂಚಮಿ ತನಕಾ ಹೆಣ ಇಟಗೋಳ್ರಿ" ಎಂದಳು ಶಾಲನಕ್ಕ. "ಮೊನ್ನೆ ಬಳಿ ಮಾರೋ ಕಾಶೀಬಾಯಿ ಹೆಸರ ಎಷ್ಟ ದೊಡ್ಡದ ಬರದಿದ್ನೋ, ನಿಮ್ಮ ಸಾಹೇಬರ ಅಪ್ಪನದೂ ಅಷ್ಟ. ಸತ್ತ ಮ್ಯಾಲೆ ಕಾಶೀಬಾಯಿಗಿಂತ ಉದ್ದ ಆಗ್ಯಾನೇನು?"

ಆಳು ಈ ಮಾತನ್ನು ಉಪ್ಪು ಖಾರ ಹಚ್ಚದೆಯೇ ಮುಟ್ಟಿಸಿರಬೇಕು, ಅದರಲ್ಲಿ ಹಚ್ಚಲು ಜಾಗವಿರಲಿಲ್ಲ. ಬಿಲ್ಡರ್ ಅದನ್ನು ಮರೆಯಲಿಲ್ಲ.

ಪೇಟೆಯವರಿಗೂ ಒಳಗೊಳಗೇ ಅವಳೆಂದರೆ ಬೇಸರ ಬೆಳೆಯುತ್ತಿತ್ತು, ಅದಕ್ಕೆ ಕಾರಣ ಬೇರೆ. ಹಲಗೆಗೆ ಎದುರಾಗಿ ಅವಳ ಗಿರಣಿ. ಯಾರು ನಿಂತು ಓದಿದರು ಎಂಬುದು ಅವಳಿಗೆ ಕಾಣುತ್ತಿತ್ತು. ಓದಿ ಸುಮ್ಮನೆ ಜಾರಿಕೊಳ್ಳುವವರನ್ನು ಯಂತ್ರದ ಸದ್ದಿನ ಮೇಲೆ ಕೂಗಿ ಹಿಡಿಯುತ್ತಿದ್ದಳು. "ಓದಿದಿಲ್ಲೋ? ನಾಳೆ ಎಂಟಕ್ಕ. ನಿನ್ನ ಅವ್ವ ಸತ್ತಾಗ ಆ ಮನಷಾ ಕಟ್ಟಿಗಿ ಒಟ್ಟಾಕ ನಿಂತಿದ್ದ, ನೆನಪೈತೇನು?" ಹೀಗೆ ನಾಲ್ಕು ಜನರ ಮುಂದೆ ಕೇಳಿದ ಮೇಲೆ ಹೋಗದೆ ಉಪಾಯವಿಲ್ಲ. ಗೊತ್ತಾಗಲಿಲ್ಲ ಎಂದು ಸುಳ್ಳು ಹೇಳುವಂತೆಯೂ ಇಲ್ಲ. ಅವಳಲ್ಲದಿದ್ದರೆ ಪಕ್ಕದಲ್ಲಿ ನಿಂತು ಓದಿದ ಇನ್ನೊಬ್ಬ ನೋಡಿರುತ್ತಾನೆ.

ಹಾಗಾಗಿ ಬಿಲ್ಡರ್ ತಾಲೀಮಿಗೆ ದೊಡ್ಡದೊಂದು ಡಿಜಿಟಲ್ ಪರದೆ ಕೊಡುತ್ತೇನೆ ಎಂದಾಗ ಪೇಟೆ ಕುಣಿದಾಡಿತು. ಜಾಗ ಬೇರೆ ಎಲ್ಲೂ ಇಲ್ಲವಂತೆ, ಹಲಗೆಯ ಮೇಲೆಯೇ ಕೂರಿಸಬೇಕಂತೆ. ತಾಲೀಮಿನ ಸಭೆ ಸೇರಿತು. ಅಧ್ಯಕ್ಷ ಸಂಗ್ರಾಮ ಮಾಂಗೋರೆ. ದೌಲತ ವಸ್ತಾದರ ಕೈಯಲ್ಲೇ ಕುಸ್ತಿ ಕಲಿತು ಜಿಲ್ಲೆ ಗೆದ್ದವನು, ವಸ್ತಾದರ ಮನೆಯ ಅನ್ನದ ಋಣ ಅವನ ಮೈಮೇಲೆ ಕಾಣುತ್ತದೆ. ಈಗ ಮೊಬೈಲು ಅಂಗಡಿ ಇಟ್ಟಿದ್ದಾನೆ. ಶಾಲನಕ್ಕನನ್ನು ಒಳಗೆ ಕರೆಯಲಿಲ್ಲ. ಅವಳು ಕಟ್ಟೆಯ ಕೆಳಗೆ ನಿಂತೇ ಕೇಳಿದಳು.

"ಅಕ್ಕಾ, ಕೈಬರಹ ಅನ್ನೂದು ಈಗ ಎಲ್ಲೈತಿ ಹೇಳ್ರಿ" ಎಂದ ಸಂಗ್ರಾಮ, ಬಹಳ ಗೌರವದಿಂದಲೇ. "ಶಾಲ್ಯಾಗಿಲ್ಲ, ಬ್ಯಾಂಕನ್ಯಾಗಿಲ್ಲ. ಡಾಕ್ಟರ ಸೈತ ಟೈಪ್ ಮಾಡಿ ಚೀಟಿ ಕೊಡತಾರ. ನಮ್ಮ ಮಕ್ಕಳಿಗೆ ಪೆನ್ನ ಹಿಡಿಯಾಕ ಬ್ಯಾಸರ. ಪರದೆ ಮ್ಯಾಲೆ ಫೋಟೊ ಬರತೈತಿ, ರಾತ್ರಿನೂ ಕಾಣತೈತಿ, ಮಳೀಗೆ ಅಳಸೂದಿಲ್ಲ. ಪೇಟಿ ಗ್ರೂಪಿಗೆ ಒಂದ ಬಟನ್ ಒತ್ತಿದ್ರ ದುಬೈದಾಗ ಇದ್ದಂವಗೂ ಸುದ್ದಿ ಮುಟ್ಟತೈತಿ. ಸುದ್ದಿ ಮುಟ್ಟೂದು ಮುಖ್ಯೋ, ಯಾರ ಅಕ್ಷರ ಅನ್ನೂದು ಮುಖ್ಯೋ?"

"ದುಬೈದಂವ ಬಂದು ಬೂದಿ ಎತ್ತತಾನೇನು?" ಎಂದಳು ಶಾಲನಕ್ಕ.

ಎಲ್ಲರೂ ನಕ್ಕರು. ನಗು ಅವಳ ಮಾತಿಗೋ ಅವಳಿಗೋ ಎಂಬುದು ನನಗೆ ಅಲ್ಲೇ ಗೊತ್ತಾಯಿತು. ನಾನು ಎದ್ದು, ಹಲಗೆ ಇರಲಿ, ಪರದೆ ಬೇಕಿದ್ದರೆ ಪಕ್ಕದ ಗೋಡೆಗೆ ಹಾಕಿ ಎಂದೆ. "ಟೇಲರ್ ಭಾವಾ, ನೀವು ಗುಂಡಿ ಕಾಜಾ ನೋಡ್ಕೋರಿ" ಎಂದು ಹಿಂದಿನಿಂದ ಯಾರೋ ಕೂಗಿದರು. ವಸ್ತಾದರು ಮೂಲೆಯಲ್ಲಿ ಕೂತಿದ್ದರು. ಅಷ್ಟರಲ್ಲಿ ಅವರಿಗೆ ಉಸಿರಿನ ತೊಂದರೆ ಶುರುವಾಗಿತ್ತು, ನಾಲ್ಕು ಮಾತಿಗೆ ಕೆಮ್ಮು. ಏನೋ ಹೇಳಲು ಬಾಯಿ ತೆರೆದರು, ಕೆಮ್ಮು ಬಂತು. ಕೆಮ್ಮು ನಿಲ್ಲುವುದನ್ನು ಯಾರೂ ಕಾಯಲಿಲ್ಲ. ಕೈ ಎತ್ತಿಸಿದರು, ಠರಾವು ಮುಗಿಯಿತು. ವಸ್ತಾದರ ಮಾತು ಕಡೆಯದಾಗಿದ್ದ ತಾಲೀಮು ಅದೇ.

ಪರದೆ ಬಂತು. ಡ್ರಿಲ್ಲು ಹಾಕಿ ಹಲಗೆಯ ಮೇಲೆಯೇ ಬೋಲ್ಟು ಹೊಡೆದರು. ಬಿಲ್ಡರನ ಮಗನ ಹುಟ್ಟುಹಬ್ಬದ ಶುಭಾಶಯ, ಅವನ ಫ್ಲ್ಯಾಟುಗಳ ಜಾಹೀರಾತು, ನಡುವೆ ಯಾರಾದರೂ ಸತ್ತಿದ್ದರೆ ಅವರು. ನೀವು ಕಣ್ಣು ಉಜ್ಜಿಕೊಳ್ಳುವಷ್ಟರಲ್ಲಿ ಸತ್ತವರು ಹೋಗಿ ಎರಡು ಬೆಡ್‌ರೂಮಿನ ಮನೆ ಬಂದಿರುತ್ತಿತ್ತು. ಅದರ ಮುಂದೆ ಯಾರು ಚಪ್ಪಲಿ ಬಿಟ್ಟು ನಿಲ್ಲಬೇಕು? ಶಾಲನಕ್ಕ ಗಿರಣಿಯ ಕಟ್ಟೆಯ ಮೇಲೆ ಕೂರುವಾಗ ಬೆನ್ನು ಆ ಕಡೆ ತಿರುಗಿಸಿ ಕೂರತೊಡಗಿದಳು.

ದೌಲತ ವಸ್ತಾದರು ಈ ಚೈತ್ರದಲ್ಲಿ ಹೋದರು. ಬೆಳಗಿನ ಜಾವ ಉಸಿರು ಕಟ್ಟಿತು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಬಿಸಿಲು ಏರುವ ಮೊದಲೇ ದಹನ ಮಾಡಿದೆವು. ಹೊರಲು ಹತ್ತಿರದವರಷ್ಟೇ ಇದ್ದೆವು. ರಕ್ಷಾವಿಸರ್ಜನೆಗಂತೂ ಇಡೀ ಪೇಟೆ ಬರುತ್ತದೆ ಎಂದು ನಮ್ಮೆಲ್ಲರ ಲೆಕ್ಕ. ಆ ಮನುಷ್ಯ ಪೇಟೆಯ ಎಷ್ಟು ಗಂಡುಮಕ್ಕಳ ಕೈಕಾಲಿಗೆ ಎಣ್ಣೆ ತಿಕ್ಕಿದ್ದರೋ ಅವರಿಗೇ ಗೊತ್ತಿರಲಿಲ್ಲ. ಕಣದ ಕೆಂಪು ಮಣ್ಣಿಗೆ ಮಜ್ಜಿಗೆ, ಅರಿಸಿನ, ಎಣ್ಣೆ ಬೆರೆಸಿ ಮಗುವಿನ ಮೈ ತಿಕ್ಕಿದ ಹಾಗೆ ತಿಕ್ಕಿ ಹದ ಮಾಡಿದವರು. ಒಂದು ಕಾಸು ಮುಟ್ಟಿದವರಲ್ಲ.

ಆ ಮಧ್ಯಾಹ್ನ ಶಾಲನಕ್ಕ ಸಂಗ್ರಾಮನ ಅಂಗಡಿಗೆ ಹೋದಳು. ನಾನೂ ಜೊತೆಗಿದ್ದೆ. ಅವಳು ಯಾರನ್ನಾದರೂ ಏನಾದರೂ ಬೇಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಸಂಗ್ರಾಮ, ಆ ಪರದೆ ಮೂರ ದಿವಸ ತಗೀರಪ್ಪಾ. ನಾ ಬರೀತೀನಿ ಅಂವನ ಹೆಸರು. ಆಮ್ಯಾಲೆ ಮತ್ತ ಹಾಕ್ಕೋರಿ."

"ಅಕ್ಕಾ, ಅದು ಬೋಲ್ಟ ಜಾಮ್ ಆಗ್ಯಾವು. ಪುಣೆದಿಂದ ಮೆಕ್ಯಾನಿಕ್ ಬರಬೇಕು. ನೀವ್ಯಾಕ ತ್ರಾಸ ತಗೋತೀರಿ ಇಂಥಾ ಹೊತ್ತಿನ್ಯಾಗ? ನಾ ಚಂದ ಡಿಸೈನ್ ಮಾಡಿ ಹಾಕ್ತೀನಿ, ಫೋಟೊ ಸಮೇತ. ವಸ್ತಾದ ನಂಗ ತಂದಿ ಇದ್ದಂಗ."

ಅವಳು ತಿರುಗಿ ಮನೆಗೆ ನಡೆದಳು. ಫೋಟೊ ಬಂತು. ಯಾವುದೋ ಮದುವೆಯಲ್ಲಿ ತೆಗೆದದ್ದು, ವಸ್ತಾದರ ಹೆಗಲ ಮೇಲೆ ಇನ್ಯಾರದೋ ಕೈ ಹಾಗೇ ಉಳಿದಿತ್ತು. ಪೇಟೆಯ ಗ್ರೂಪಿನಲ್ಲಿ ಮುಗಿದ ಕೈಗಳ ಮಳೆ ಸುರಿಯಿತು. ಅಳುವ ಮುಖಗಳು, ಹೂವು, ದೀಪ. ದುಬೈಯಿಂದಲೂ ಬಂತು. ನನ್ನ ಮೊಬೈಲು ಎರಡು ದಿನ ಟಣ್ ಟಣ್ ಎನ್ನುತ್ತಲೇ ಇತ್ತು.

ಮೂರನೇ ದಿನ ಬೆಳಿಗ್ಗೆ ಘಾಟಿನಲ್ಲಿ ಶಾಲನಕ್ಕ, ಇಚಲಕರಂಜಿಯಿಂದ ಬಂದ ಅವಳ ಮಗಳು ಅಳಿಯ, ಮುರಗೂಡದ ಅವಳ ಅಣ್ಣ, ಕೋಲು ಊರಿಕೊಂಡು ಬಂದ ತಾಲೀಮಿನ ಹಳೆಯ ಪೈಲ್ವಾನ ತುಕಾ ಆಬಾ, ನಾನು. ಅಷ್ಟೇ. ಎಂಟಾಯಿತು. ಪುರೋಹಿತ ಇನ್ನೂ ಸ್ವಲ್ಪ ಕಾಯೋಣವೇ ಎಂದ. ಕಾದೆವು. ನಮ್ಮ ಪಕ್ಕದಲ್ಲಿ ಬೇರೆ ಪೇಟೆಯವರದು ನಡೆದಿತ್ತು, ಅಲ್ಲಿ ನಿಲ್ಲಲು ಜಾಗವಿರಲಿಲ್ಲ. ಅವರು ನಮ್ಮ ಕಡೆ ನೋಡಿ, ಯಾರೋ ದಿಕ್ಕಿಲ್ಲದವನು ಎಂದುಕೊಂಡು, ತಮ್ಮಲ್ಲಿ ಇಬ್ಬರನ್ನು ನೀರು ಹೊರಲು ನಮಗೆ ಕಳಿಸಿದರು. ಆ ಇಬ್ಬರು ಕೊಡ ಹಿಡಿದು ಬಂದಾಗ ನನಗೆ ಆದ ಅವಮಾನವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹರಾಮ್‌ಖೋರರು. ನಮ್ಮ ಪೇಟೆಯವರಿಗೆ ಬೇರೆ ಪದ ನನಗೆ ಗೊತ್ತಿಲ್ಲ.

ಕಾಗೆ ಪಿಂಡ ಮುಟ್ಟಲಿಲ್ಲ. ಏನೋ ಆಸೆ ಉಳಿದಿದೆ ಎಂದು ಪುರೋಹಿತ ಹೇಳಿದ. ಮಗಳು ಅವ್ವನನ್ನು ನೋಡಿಕೊಳ್ಳುತ್ತೇನೆ ಎಂದಳು. ಮುಟ್ಟಲಿಲ್ಲ. ತುಕಾ ಆಬಾ ಕಣದ ಮಣ್ಣು ಕೆಡಗೊಡುವುದಿಲ್ಲ ಎಂದರು. ಮುಟ್ಟಲಿಲ್ಲ. "ಪೇಟಿಯವರನ್ನ ಹೊಟ್ಟೀಗೆ ಹಾಕ್ಕೋತೀನಿ ಅನ್ನು, ಶಾಲನ್" ಎಂದ ಅವಳ ಅಣ್ಣ.

"ಅನ್ನೂದಿಲ್ಲ" ಎಂದಳು. "ಅಂವಗ ಗೊತ್ತೈತಿ ನಾ ಸುಳ್ಳ ಹೇಳೂದಿಲ್ಲಂತ."

ಸ್ವಲ್ಪ ಹೊತ್ತಿಗೆ ಒಂದು ಕಾಗೆ ಬಂದು ತಿಂದುಕೊಂಡು ಹೋಯಿತು. ಅದಕ್ಕೂ ಹಸಿವಾಗಿರಬೇಕು.

ತಿರುಗಿ ಬರುವಾಗ ತುಕಾ ಆಬಾ ದಾರಿಯುದ್ದಕ್ಕೂ ಗೊಣಗಿದರು: "ಊರಿಗುಪಕಾರ ಮಾಡಬ್ಯಾಡ, ಹೆಣಕ್ಕ ಶೃಂಗಾರ ಮಾಡಬ್ಯಾಡ ಅಂತಾರ. ದೌಲತ್ಯಾ ಎರಡನೇದ ಮಾಡಲಿಲ್ಲ, ಮೊದಲನೇದರಾಗ ಸತ್ತ." ಪೇಟೆ ತಲುಪಿದಾಗ ಹೋಟೆಲಿನ ಮುಂದೆ ಮಿಸಳ ತಿನ್ನುತ್ತ ಕೂತವರು ಎದ್ದು ನಿಂತು ಮುಖ ಸಪ್ಪೆ ಮಾಡಿದರು. ಒಬ್ಬನಿಗೆ ಡ್ಯೂಟಿ ಇತ್ತು. ಒಬ್ಬ ಗ್ರೂಪಿನಲ್ಲಿ ನೋಡಿದ್ದ, ಆದರೆ ಸಮಯ ನೆನಪಿರಲಿಲ್ಲ. ಉಳಿದವರೆಲ್ಲ ಹೇಳಿದ್ದು ಒಂದೇ: "ಎಲ್ಲಾರೂ ಹೋಗಿರತಾರ ಅನ್ಕೊಂಡೆ." ಒಬ್ಬೊಬ್ಬನೂ ಮನೆಯಲ್ಲಿ ಕೂತು ಒಂದು ಮುಗಿದ ಕೈ ಒತ್ತಿದ್ದ, ತನ್ನ ಕೈ ತೊಳೆದುಕೊಂಡಿದ್ದ. ಯಾರೂ ಯಾರನ್ನೂ ಓದುವಾಗ ನೋಡಿರಲಿಲ್ಲವಲ್ಲ.

ಶಾಲನಕ್ಕ ಮನೆಗೆ ಹೋಗಲಿಲ್ಲ. ಗಿರಣಿಯಿಂದ ಒಂದು ಚೊಂಬು ನೀರು, ಒಂದು ಡಬ್ಬಿ ಸೀಮೆಸುಣ್ಣ ತಂದಳು. ಗೋಡೆಯ ಮೇಲೆ ಜಾಗವಿರಲಿಲ್ಲ. ತಾಲೀಮಿನ ಬಾಗಿಲಿನ ಎದುರು, ನಡುರಸ್ತೆಯಲ್ಲಿ, ಡಾಂಬರಿನ ಮೇಲೆ ಮಂಡಿಯೂರಿ ಕೂತು ಬರೆಯಲು ಶುರು ಮಾಡಿದಳು. ಮಗಳು "ಆಯೀ, ಏಳ" ಎಂದು ತೋಳು ಹಿಡಿದಳು. ಕೈ ಕೊಡವಿದಳು. ಒಂದೊಂದು ಅಕ್ಷರ ಒಂದು ಮೊಳ. ಬಿಸಿಲಿಗೆ ಡಾಂಬರು ಕಾದಿತ್ತು, ನೀರು ಕೂಡಲೇ ಆರಿ ಅಕ್ಷರ ಕಣ್ಣು ಕುಕ್ಕುವ ಹಾಗೆ ಎದ್ದಿತು. ಜನ ಸೇರಿದರು. ಮೊದಲು ದುಃಖದ ಸುದ್ದಿ ಎಂಬ ಸಾಲು. ವಸ್ತಾದರ ಹೆಸರು ಬರೆಯುತ್ತಾಳೆ ಎಂದು ಎಲ್ಲರೂ ತಲೆ ತಗ್ಗಿಸಿ ನಿಂತರು. ಅವಳು ಬರೆದದ್ದು ಇದು:

ಜೋಡಚಿಂಚ ತಾಲೀಮು ತೀರಿಕೊಂಡಿದೆ. ಹಿಂದೆ ಯಾರೂ ಇಲ್ಲ. ರಕ್ಷಾವಿಸರ್ಜನೆ ನಾಳೆ ಬೆಳಿಗ್ಗೆ ಎಂಟಕ್ಕೆ, ಇಲ್ಲೇ.

ಕೊನೆಯ ಸಾಲಿನಲ್ಲಿ ಸಮಸ್ತ ಪೇಟೆ ಇರಲಿಲ್ಲ. ಶೋಕಾಕುಲ, ಶಾಲನ್ ದೌಲತ ಬುಚಡೆ ಎಂದು ಒಬ್ಬಳದೇ ಹೆಸರು ಬರೆದು ಎದ್ದಳು, ಮಂಡಿ ಒರೆಸಿಕೊಂಡಳು, ಮನೆಗೆ ಹೋದಳು.

ಆ ದಿನ ಪೇಟೆಯಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು. ಯಾರೂ ಅದನ್ನು ತುಳಿಯಲೊಲ್ಲರು. ಸ್ಕೂಟರಿನವರು ಇಳಿದು ಗಟಾರದ ಅಂಚಿನಲ್ಲಿ ತಳ್ಳಿಕೊಂಡು ಹೋದರು. ಹಾಲಿನ ಗಾಡಿ ಹಿಂದೆ ಸರಿಯಿತು. ಸಂಜೆ ಕುಸ್ತಿಗೆ ಬಂದ ಪೈಲ್ವಾನರು, ಕಬ್ಬಿಣದಂಥ ತೊಡೆಯವರು, ಬಾಗಿಲ ಮುಂದೆ ಕಾಲು ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಬಿಲ್ಡರ್ ಫೋನಿನಲ್ಲಿ "ಒಂದ ಬಕೀಟ ನೀರ ಸುರೀರಿ, ಮುಗೀತು" ಎಂದನಂತೆ. ಬಕೀಟು ತಂದು ಇಟ್ಟರು. ಅದನ್ನು ಎತ್ತುವ ಒಬ್ಬ ಗಂಡಸು ಸಿಗಲಿಲ್ಲ.

ಸಂಗ್ರಾಮ ದೀಪ ಹಚ್ಚುವ ಹೊತ್ತಿಗೆ ಶಾಲನಕ್ಕನ ಮನೆಗೆ ಬಂದ. ನೆರೆಯವರು ತಂದ ಪಿಠಲ ಭಾಕ್ರಿಯ ತಟ್ಟೆ ಮುಟ್ಟದೆ ಅವಳು ಗೋಡೆಗೊರಗಿ ಕೂತಿದ್ದಳು. ನಾನು ಬಾಗಿಲಲ್ಲಿದ್ದೆ.

"ಅಕ್ಕಾ, ಅಳಸ್ರಿ. ಅಪಶಕುನ ಅದು. ಒಳಗ ಹನುಮಪ್ಪ ಅದಾನ."

"ಸತ್ತ ಮನಿಗೆ ಎಂಥಾ ಅಪಶಕುನಾನೋ?"

"ತಪ್ಪಾಗೇತಿ, ಅಕ್ಕಾ. ಆದ್ರ ಯಾರೂ ಬೇಕಂತ ಮಾಡಿಲ್ಲ. ಎಲ್ಲಾರಿಗೂ ಸುದ್ದಿ ಗೊತ್ತಿತ್ತು, ನಾನ ಹಾಕೀನಿ. ನೂರಾರು ಮಂದಿ ಕೈ ಮುಗದಾರ, ಬೇಕಾದ್ರ ತೋರಸ್ತೀನಿ." ಅವನು ಮೊಬೈಲು ತೆಗೆದೇಬಿಟ್ಟ.

ಶಾಲನಕ್ಕ ಆ ಪುಟ್ಟ ಪರದೆಯ ಕಡೆ ನೋಡಲಿಲ್ಲ, ಅವನ ಮುಖ ನೋಡಿದಳು. "ಘಾಟಿನ್ಯಾಗ ನೀರ ಹೊರಾಕ ಮಂದಿ ಮನಿ ಹುಡುಗರನ್ನ ಕಡ ತಗೊಂಡೆ ಇವತ್ತ. ನಿನ್ನ ವಸ್ತಾದಗ. ಕಣದಾಗ ನೀನು ಮೊದಲನೇ ಸಲ ಚಿತ್ ಬಿದ್ದು ಅತ್ತಾಗ ಮೂಗ ಒರಸಿದಂವ ಅಂವ. ಅದರ ಫೋಟೊ ಇದ್ರ ಅದನ್ನ ತೋರಸು."

ಸಂಗ್ರಾಮ ಮೊಬೈಲು ಜೇಬಿಗೆ ಹಾಕಿದ. ನೇರ ತಾಲೀಮಿಗೆ ಹೋದ. ತಾನೇ ಬೋಲ್ಟು ಬಿಚ್ಚುವ ಪಾನಾ ಹಿಡಿದು ಸ್ಟೂಲು ಹತ್ತಿದ. ಪುಣೆಯಿಂದ ಮೆಕ್ಯಾನಿಕ್ ಬರಬೇಕಾಗಿದ್ದ ಆ ಬೋಲ್ಟುಗಳು ಒಂದು ಕಪ್ಪು ಚಹಾ ಆರುವುದರೊಳಗೆ ಬಿಚ್ಚಿ ಬಂದವು. ನಾನು ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದೆ. ಸಮಾಧಾನವಾಗಲಿಲ್ಲ, ಸಿಟ್ಟು ಹೆಚ್ಚಾಯಿತು. ಇಷ್ಟೇ ಇತ್ತಲ್ಲ ಕೆಲಸ.

ಮರುದಿನ ಎಂಟಕ್ಕೆ ಇಡೀ ಪೇಟೆ ಅಲ್ಲಿತ್ತು. ಡ್ಯೂಟಿಯವರು ರಜೆ ಹಾಕಿದ್ದರು. ಬರಿಗಾಲಲ್ಲಿ, ಬಿಳಿ ಟೋಪಿಯಲ್ಲಿ, ಮೊಬೈಲು ಜೇಬಿನಲ್ಲಿ. ಮೂರು ತೂತು ಬಿದ್ದ ಹಲಗೆ ತೊಳೆದು ಕರ್ರಗೆ ಮಾಡಿಟ್ಟಿದ್ದರು. ಶಾಲನಕ್ಕ ಬಂದಳು. ಅವಳು ಹಲಗೆಯ ಮೇಲೆ ಬರೆಯುತ್ತಾಳೆ, ನಾವೆಲ್ಲ ತಲೆ ತಗ್ಗಿಸುತ್ತೇವೆ, ಮಧ್ಯಾಹ್ನಕ್ಕೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಎಂದುಕೊಂಡಿದ್ದೆವು. ಅವಳು ಸೀಮೆಸುಣ್ಣವನ್ನು ಸಂಗ್ರಾಮನ ಮುಂದೆ ಹಿಡಿದಳು.

"ನೀನ ಬರಿ."

"ನಂಗ ರೂಢಿ ಇಲ್ಲ, ಅಕ್ಕಾ. ಹತ್ತನೇತ್ತಿ ಆದ ಮ್ಯಾಲೆ ಸಹಿ ಬಿಟ್ರ ಏನೂ ಬರದಿಲ್ಲ."

"ಬರಿ."

ಅವನು ಬರೆಯತೊಡಗಿದ. ಮೊದಲ ಅಕ್ಷರವೇ ಅಷ್ಟು ದೊಡ್ಡದಾಯಿತೆಂದರೆ ವಸ್ತಾದರ ಅಡ್ಡಹೆಸರಿಗೆ ಜಾಗವೇ ಉಳಿಯಲಿಲ್ಲ. ಅಳಿಸಿ ಮತ್ತೆ ಹಿಡಿದ. ಎರಡನೆಯ ಸಲ ಸಾಲು ಇಳಿಜಾರಿನಲ್ಲಿ ಜಾರಿ ಮೂಲೆಗೆ ಹೋಯಿತು. ಸೀಮೆಸುಣ್ಣ ಮುರಿಯಿತು. ಆ ಕೈ ಎಂಥೆಂಥ ಪೈಲ್ವಾನರನ್ನು ಎತ್ತಿ ಒಗೆದದ್ದು, ಈಗ ಮುರಿದ ತುಂಡಿಗಾಗಿ ನೆಲದಲ್ಲಿ ತಡಕಾಡಿತು. "ಕುಸ್ತಿಗಿಂತ ಭಾರ ಆತಲ್ಲೋ" ಎಂದರು ತುಕಾ ಆಬಾ. ಯಾರೂ ನಗಲಿಲ್ಲ. ಮೂರನೆಯ ಸಲ ಹೆಸರು ಪೂರ್ತಿಯಾಯಿತು. ಅದನ್ನು ಬರೆದವನೇ ಹಿಂದೆ ಸರಿದು ಓದಿದ, ಎರಡು ದಿನ ಆ ಹೆಸರನ್ನು ಬಟನ್ ಒತ್ತಿ ಕಳಿಸಿದವನು. ಅಲ್ಲೇ ಅವನಿಗೆ ಅಳು ಬಂತು. ಭುಜದಿಂದ ಮುಖ ಒರೆಸಿಕೊಂಡು ಮುಂದೆ ಬರೆದ. ಹಿಂದೆ ಪತ್ನಿ ಎಂದು ಬರೆದು ನಿಂತ.

"ಅಕ್ಕಾ... ನಿಮ್ಮ ಪೂರ್ತಿ ಹೆಸರು ಹೆಂಗ ಬರೀಲಿ?"

"ಎಷ್ಟ ವರ್ಷ ನನ್ನ ಕೈಯಾನ ಭಾಕ್ರಿ ತಿಂದಿ" ಎಂದಳಷ್ಟೆ. ಹೆಸರು ನಾನು ಹೇಳಿದೆ.

ಅವನು ಮುಗಿಸಿದಾಗ ಬಿಸಿಲು ಗೋಡೆಯ ಅರ್ಧ ಇಳಿದಿತ್ತು. ಕೆಟ್ಟ ಅಕ್ಷರ, ಒಂದು ಸಾಲು ಹಾವು ಹೋದ ಹಾಗೆ. ಶಾಲನಕ್ಕ ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಮೊದಲಿನಿಂದ ಕೊನೆಯವರೆಗೆ ಓದಿದಳು. ಒಂದನ್ನೂ ತಿದ್ದಲಿಲ್ಲ. ಆಮೇಲೆ ರಸ್ತೆಗೆ ಬಂದು, ಕೂತು, ತಾನು ಬರೆದದ್ದನ್ನು ಅಂಗೈಯಿಂದ ಉಜ್ಜಿ ಅಳಿಸಿದಳು. ಇಷ್ಟು ಜನರಿದ್ದೆವು, ಒಬ್ಬರೂ ಬಗ್ಗಲಿಲ್ಲ. ಬಗ್ಗಲು ನಮಗೆ ಧೈರ್ಯವಿರಲಿಲ್ಲ.

ಎದ್ದು ಸಂಗ್ರಾಮನನ್ನು ಕೇಳಿದಳು, "ಬರಿಯಾಕ ಎಷ್ಟೊತ್ತಾತು?"

ಅವನು ಹಲಗೆ ನೋಡಿದ. "ಅರ್ಧಾ ತಾಸ ಆಗಿರಬೇಕು, ಅಕ್ಕಾ."

"ಅಷ್ಟ ಬೇಡಿದ್ದೆ ಅಂವನ ಸಲುವಾಗಿ" ಎಂದಳು. "ನಿಮ್ಮೆಲ್ಲಾರ ಕಡಿಂದ ಅರ್ಧಾ ತಾಸ."

ಗಿರಣಿಯ ಮುಂದೆ ಹೆಂಗಸರು ಮೆಣಸಿನಕಾಯಿ ಚೀಲ ಇಟ್ಟುಕೊಂಡು ಕಾಯುತ್ತಿದ್ದರು. ಅವಳು ಕೈ ತೊಳೆದುಕೊಂಡು ಹೋಗಿ ಬೀಗ ತೆಗೆದಳು.